ನಾಲ್ಕು ಸರ್ವರ್‌ಗಳ ಮೇಲೆ ಒಂದೇ ಆಫೀಸ್: ರಿಮೋಟ್ ಡೆಸ್ಕ್‌ಟಾಪ್ ಅಳವಡಿಕೆಯ ಕೆಲಸದ ದಾಖಲೆ

ಕೆಲಸ ಬಹುಪಾಲು ಮುಗಿದಿದೆ. ಒಂದು ಭಾಗ ಮಾತ್ರ ಬಾಕಿ ಇದೆ. ನೆನಪು ಮಾಸುವ ಮುನ್ನ ಎಲ್ಲವನ್ನೂ ಕ್ರಮವಾಗಿ ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈಹಾಕುವವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ಹಲವರು ಹಂಚಿಕೊಳ್ಳುವ ಸರ್ವರ್‌ನಲ್ಲಿ ಆಫೀಸ್ ಇನ್‌ಸ್ಟಾಲ್ ಮಾಡುವುದು ಇಡೀ ಕೆಲಸದ ಚಿಕ್ಕ ಪಾಲು. ದೊಡ್ಡ ಪಾಲು ಬಳಕೆದಾರರ ಗುರುತಿಗೆ ಮತ್ತು ಅವರ ಪ್ರೊಫೈಲ್‌ಗೆ (ಅವರ ಡೆಸ್ಕ್‌ಟಾಪ್, ಕಡತ, ಸೆಟ್ಟಿಂಗ್‌ಗಳ ಗಂಟು) ಸೇರಿದ್ದು. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ವರ್ಡ್ ತೆರೆದುಕೊಂಡರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಯಾವ ವಿಶೇಷ ಅಧಿಕಾರವೂ ಇಲ್ಲದ ಬಳಕೆದಾರರೊಬ್ಬರು ಇಂದು ಒಂದನೆಯ ಸರ್ವರ್‌ನಲ್ಲಿ ಕೆಲಸ ಮಾಡಿ, ನಾಳೆ ಮೂರನೆಯದಕ್ಕೆ ಹೋದಾಗಲೂ ಪಾಸ್‌ವರ್ಡ್ ಕೇಳದೆ, ಪರವಾನಗಿಯ ತಕರಾರಿಲ್ಲದೆ ಔಟ್‌ಲುಕ್ ತೆರೆದುಕೊಳ್ಳಬೇಕು. ಪ್ರತಿ ಹಂತವನ್ನೂ ನಾನು ಅಳೆದದ್ದು ಈ ಪರೀಕ್ಷೆಯಿಂದಲೇ.

ಇದ್ದದ್ದು ಮತ್ತು ಬೇಕಿದ್ದದ್ದು

ಸುಮಾರು 80 ಬಳಕೆದಾರರು. ಹಳೆಯ ಸೆಷನ್ ಹೋಸ್ಟ್‌ಗಳಲ್ಲಿ (ಬಳಕೆದಾರರು ದೂರದಿಂದ ಲಾಗಿನ್ ಆಗಿ ಕೆಲಸ ಮಾಡುವ ಸರ್ವರ್‌ಗಳು) ಎಂಎಸ್ಐ ಎಂಬ ಹಳೆಯ ಇನ್‌ಸ್ಟಾಲರ್ ಮಾದರಿಯ ಆಫೀಸ್ 2016 ಇತ್ತು. ಅದಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹಾಗಾಗಿ ಚಂದಾ ಮಾದರಿಯ ಆಫೀಸ್ ಆದ ಮೈಕ್ರೋಸಾಫ್ಟ್ 365 ಆ್ಯಪ್ಸ್‌ಗೆ ಹೋಗುವುದೆಂದು ತೀರ್ಮಾನವಾಯಿತು.

ಹಳೆಯ ಸರ್ವರ್‌ಗಳನ್ನು ಶುಚಿಗೊಳಿಸಿ ಅದರ ಮೇಲೆಯೇ ಹೊಸದನ್ನು ಹಾಕುವ ಯೋಚನೆಯನ್ನು ಆರಂಭದಲ್ಲೇ ಕೈಬಿಟ್ಟೆವು. ಎಂಎಸ್ಐ ಆಫೀಸ್ ತೆಗೆಯಲು ಸಂರಚನಾ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ನಿಜ. ಆದರೆ ವರ್ಷಗಟ್ಟಲೆ ಸೇರಿಕೊಂಡ ಆಡ್-ಇನ್‌ಗಳು, ರಿಜಿಸ್ಟ್ರಿಯಲ್ಲಿ ಯಾರೋ ಎಂದೋ ಮಾಡಿದ ಬದಲಾವಣೆಗಳು ಹಾಗೆಯೇ ಉಳಿದುಬಿಡುತ್ತವೆ. ಹೊಸದಾಗಿ ನಾಲ್ಕು ವರ್ಚುವಲ್ ಸರ್ವರ್‌ಗಳನ್ನು ಎಬ್ಬಿಸಿದೆವು. ಪ್ರತಿಯೊಂದಕ್ಕೂ 64 ಜಿಬಿ ಮೆಮೊರಿ, 12 ಕೋರ್. ಸಾಮಾನ್ಯ ದಿನದಲ್ಲಿ ಒಂದೊಂದರ ಮೇಲೆ 20 ಜನ. ಒಂದು ಸರ್ವರ್ ಕೆಳಗಿಳಿದರೆ ಉಳಿದ ಮೂರರ ಮೇಲೆ ತಲಾ 27 ಜನ. ಒಬ್ಬರಿಗೆ 2 ಜಿಬಿಯಂತೆ ಲೆಕ್ಕ ಹಾಕಿದರೂ 54 ಜಿಬಿ ಆಗುತ್ತದೆ, ಹೊರೆ ತಡೆಯುತ್ತದೆ.

ಆಪರೇಟಿಂಗ್ ಸಿಸ್ಟಂ ವಿಂಡೋಸ್ ಸರ್ವರ್ 2022. ಇದರ ಮೇಲೆ ಮೈಕ್ರೋಸಾಫ್ಟ್ 365 ಆ್ಯಪ್ಸ್‌ಗೆ ಬೆಂಬಲ ಇರುವುದು 2026ರ ಅಕ್ಟೋಬರ್‌ವರೆಗೆ ಮಾತ್ರ. 2016 ಮತ್ತು 2019ರ ಮೇಲೆ ಅದು 2025ರ ಅಕ್ಟೋಬರ್‌ಗೇ ನಿಂತುಹೋಗಿದೆ. ಇದು ಗೊತ್ತಿದ್ದೂ 2022 ಆರಿಸಿದ್ದಕ್ಕೆ ಕಾರಣ ನಮ್ಮ ಬಳಿ ಇದ್ದ ರಿಮೋಟ್ ಡೆಸ್ಕ್‌ಟಾಪ್ ಪರವಾನಗಿಗಳು. 2022ರ ಆವೃತ್ತಿಯ ಪರವಾನಗಿಯಿಂದ 2025ರ ಸೆಷನ್ ಹೋಸ್ಟ್‌ಗೆ ಸೇರಲು ಆಗುವುದಿಲ್ಲ; ಪರವಾನಗಿಯ ಆವೃತ್ತಿ ಸೆಷನ್ ಹೋಸ್ಟ್‌ನಷ್ಟೇ ಹೊಸದಾಗಿರಬೇಕು, ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು. ಎಲ್ಲವನ್ನೂ ಸ್ಕ್ರಿಪ್ಟ್‌ನಿಂದಲೇ ಕಟ್ಟಿದ್ದೇವೆ, ಆದ್ದರಿಂದ 2025ಕ್ಕೆ ಹೋಗುವಾಗ ಇದೇ ಹಂತಗಳನ್ನು ಮತ್ತೆ ಓಡಿಸಿದರಾಯಿತು.

ಖರ್ಚಿನ ವಿಷಯ. ಹೊಸದಾಗಿ ಹಣ ಹೋದದ್ದು ಎರಡಕ್ಕೆ: ಕೆಲವರ ಆಫೀಸ್ ಪರವಾನಗಿಯನ್ನು ಮೇಲ್ದರ್ಜೆಗೇರಿಸಿದ್ದಕ್ಕೆ ಮತ್ತು ಪ್ರೊಫೈಲ್ ಇಡುವ ಕಡತ ಸರ್ವರ್‌ಗೆ 3 ಟಿಬಿ ಎಸ್‌ಎಸ್‌ಡಿ ಜಾಗಕ್ಕೆ. ಬಳಕೆದಾರರ ಪ್ರೊಫೈಲನ್ನು ನೆಟ್‌ವರ್ಕ್‌ನಲ್ಲಿ ಇಡುವ ಎಫ್‌ಎಸ್‌ಲಾಜಿಕ್ಸ್ ತಂತ್ರಾಂಶಕ್ಕೆ ಬೇರೆ ಹಣ ಕೊಡಬೇಕಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಪರವಾನಗಿ ಇದ್ದವರಿಗೆ ಅದನ್ನು ಬಳಸುವ ಹಕ್ಕು ಅದರಲ್ಲೇ ಸೇರಿದೆ.

ಹಂತ 1: ಪರವಾನಗಿಗಳ ಪಟ್ಟಿ

ಒಂದೇ ಸರ್ವರ್‌ನಲ್ಲಿ ಹಲವರು ಆಫೀಸ್ ಬಳಸಬೇಕಾದರೆ ‘ಹಂಚಿಕೆಯ ಕಂಪ್ಯೂಟರ್ ಸಕ್ರಿಯಗೊಳಿಕೆ’ ಎಂಬ ಸೌಲಭ್ಯ ಬೇಕು. ಇದರಲ್ಲಿ ಆಫೀಸ್ ಆ ಯಂತ್ರಕ್ಕೆ ಅಂಟಿಕೊಳ್ಳುವುದಿಲ್ಲ. ಪ್ರತಿ ಬಳಕೆದಾರರಿಗೂ ಅವರ ಹೆಸರಿನಲ್ಲಿ ಪರವಾನಗಿ ಟೋಕನ್ ಒಂದು ಬರುತ್ತದೆ. ಒಬ್ಬರಿಗೆ ಐದು ಕಂಪ್ಯೂಟರ್ ಎಂಬ ಮಿತಿಯ ಲೆಕ್ಕಕ್ಕೂ ಇದು ಬರುವುದಿಲ್ಲ.

ಈ ಸೌಲಭ್ಯ ಎಲ್ಲ ಯೋಜನೆಗಳಲ್ಲೂ ಇಲ್ಲ. ದೊಡ್ಡ ಸಂಸ್ಥೆಗಳ ಯೋಜನೆಗಳಾದ ಇ3, ಇ5, ಎಂಟರ್‌ಪ್ರೈಸ್ ಆ್ಯಪ್ಸ್‌ನಲ್ಲಿ ಇದೆ. ಸಣ್ಣ ಸಂಸ್ಥೆಗಳ ಯೋಜನೆಗಳ ಪೈಕಿ ಬಿಸಿನೆಸ್ ಪ್ರೀಮಿಯಂನಲ್ಲಿ ಇದೆ. ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಪ್ರೀಮಿಯಂ ಇತ್ತು, ಕೆಲವರಿಗೆ ಸ್ಟ್ಯಾಂಡರ್ಡ್. ಪ್ರಾಯೋಗಿಕ ಗುಂಪಿನಲ್ಲಿ ಇಬ್ಬರಿಗೆ ‘ನಿಮ್ಮ ಖಾತೆಯಲ್ಲಿರುವ ಉತ್ಪನ್ನಗಳನ್ನು ಹಂಚಿಕೆಯ ಕಂಪ್ಯೂಟರ್‌ನಲ್ಲಿ ಸಕ್ರಿಯಗೊಳಿಸಲು ಆಗದು’ ಎಂಬ ಅರ್ಥದ ಸಂದೇಶ ಬಂದಾಗ ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಈ ಸಂದೇಶ ಕಂಡರೆ ಸರ್ವರ್ ಕಡೆಗೆ ನೋಡಲೇಬೇಡಿ. ನೇರವಾಗಿ ಆ ಬಳಕೆದಾರರ ಪರವಾನಗಿಯನ್ನು ನೋಡಿ.

ಹಂತ 2: 32 ಬಿಟ್ ಬೇಕೋ 64 ಬಿಟ್ ಬೇಕೋ

ಚರ್ಚೆ ಹೆಚ್ಚು ನಡೆದದ್ದು ಇದರ ಬಗ್ಗೆಯೇ. ಒಂದೇ ಯಂತ್ರದಲ್ಲಿ ಎರಡೂ ಇರಲಾರವು. ಹಂಚಿಕೆಯ ಸರ್ವರ್‌ನಲ್ಲಿ ಈ ತೀರ್ಮಾನ ಒಬ್ಬರದಲ್ಲ, ಎಲ್ಲರದ್ದು.

ಹಳೆಯ ಆಫೀಸ್ 32 ಬಿಟ್ ಇತ್ತು. ಲೆಕ್ಕಪತ್ರ ವಿಭಾಗದ ದೊಡ್ಡ ಎಕ್ಸೆಲ್ ಕಡತಗಳು ಮೆಮೊರಿ ಸಾಲದೆ ನಿಂತುಹೋಗುತ್ತಿದ್ದ ದೂರು ಹಳೆಯದು. ಹಾಗಾಗಿ 64 ಬಿಟ್ ಕಡೆಗೆ ನಮ್ಮ ಒಲವು. ಆದರೆ ಅದೇ ವಿಭಾಗದ ಮ್ಯಾಕ್ರೋಗಳು 32 ಬಿಟ್ ಕಾಲದವು. ವಿಂಡೋಸ್‌ನ ಒಳಗಿನ ಫಂಕ್ಷನ್‌ಗಳನ್ನು ಕರೆಯುವ ‘ಡಿಕ್ಲೇರ್’ ಸಾಲುಗಳಿರುವ ಮ್ಯಾಕ್ರೋವನ್ನು 64 ಬಿಟ್ ಎಕ್ಸೆಲ್‌ನಲ್ಲಿ ತೆರೆದರೆ, ಈ ಕೋಡನ್ನು 64 ಬಿಟ್‌ಗೆ ತಕ್ಕಂತೆ ತಿದ್ದಬೇಕು ಎಂದು ಹೇಳಿ ಅದು ಓಡಲು ನಿರಾಕರಿಸುತ್ತದೆ.

ತಿದ್ದುವಾಗ ಒಂದು ಬಲೆ ಇದೆ. ‘ಡಿಕ್ಲೇರ್’ ಪದದ ನಂತರ ‘ಪಿಟಿಆರ್‌ಸೇಫ್’ ಎಂಬ ಪದ ಸೇರಿಸಿದ ಕೂಡಲೇ ದೋಷ ಸಂದೇಶ ಹೋಗುತ್ತದೆ, ಮ್ಯಾಕ್ರೋ ಓಡುತ್ತದೆ, ಎಲ್ಲರೂ ಸಮಾಧಾನಪಡುತ್ತಾರೆ. ಆದರೆ ಆ ಪದ ‘ಇದನ್ನು ನಾನು ಪರಿಶೀಲಿಸಿದ್ದೇನೆ’ ಎಂದು ನೀವು ಕೊಡುವ ಮಾತು ಅಷ್ಟೇ. ಅದು ಸ್ವತಃ ಏನನ್ನೂ ಸರಿಪಡಿಸುವುದಿಲ್ಲ. ವಿಂಡೋದ ಹ್ಯಾಂಡಲ್ (ವಿಂಡೋಸ್ ಅದಕ್ಕೆ ಕೊಡುವ ಗುರುತು) ಹುಡುಕುವ ಸಾಲೊಂದರಲ್ಲಿ ಉತ್ತರದ ಮಾದರಿ ‘ಲಾಂಗ್’ ಎಂದೇ ಉಳಿದಿತ್ತು. ‘ಲಾಂಗ್’ ಎಂದರೆ 64 ಬಿಟ್‌ನಲ್ಲೂ 32 ಬಿಟ್ ಸಂಖ್ಯೆಯೇ. ಹ್ಯಾಂಡಲ್ ಮತ್ತು ಪಾಯಿಂಟರ್ ಹಿಡಿಯುವ ಪ್ರತಿ ಜಾಗದಲ್ಲೂ ಅದನ್ನು ‘ಲಾಂಗ್‌ಪಿಟಿಆರ್’ ಎಂದು ಬದಲಿಸಬೇಕು. ಬರೀ ಎಣಿಕೆ ಹಿಡಿಯುವ ಕಡೆ ‘ಲಾಂಗ್’ ಹಾಗೆಯೇ ಇರಬೇಕು. ಕಣ್ಣುಮುಚ್ಚಿ ಎಲ್ಲವನ್ನೂ ಬದಲಿಸಿದರೂ ತಪ್ಪು, ಯಾವುದನ್ನೂ ಬದಲಿಸದಿದ್ದರೂ ತಪ್ಪು. ಸಾಲು ಸಾಲಾಗಿ ಕೂತು ನೋಡುವುದಲ್ಲದೆ ಬೇರೆ ದಾರಿ ನನಗೆ ಕಾಣಲಿಲ್ಲ. ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಕೂತು ಪ್ರತಿ ಮ್ಯಾಕ್ರೋ ಏನು ಮಾಡಬೇಕೆಂದು ವಿವರಿಸದೇ ಹೋಗಿದ್ದರೆ ಈ ಹಂತ ಮುಗಿಯುತ್ತಿರಲಿಲ್ಲ.

ಇನ್ನೊಂದು: ಡೇಟಾಬೇಸ್‌ಗೆ ಸೇರಲು ಬಳಸುವ ಒಡಿಬಿಸಿ ಸಂಪರ್ಕಗಳೂ ಎರಡು ಬಗೆ. 32 ಬಿಟ್ ಪಟ್ಟಿಯಲ್ಲಿ ಇದ್ದದ್ದು 64 ಬಿಟ್ ಎಕ್ಸೆಲ್‌ಗೆ ಕಾಣುವುದಿಲ್ಲ. ಅವುಗಳನ್ನು 64 ಬಿಟ್ ಚಾಲಕದೊಂದಿಗೆ ಹೊಸದಾಗಿ ಮಾಡಿದೆವು.

ಹಂತ 3: ಸಂರಚನಾ ಕಡತ

ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್ ಎಂಬುದು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಸಣ್ಣ ಸಾಧನ. ಬಿಚ್ಚಿದರೆ ಒಂದು ಸೆಟಪ್ ಕಡತ, ಕೆಲವು ಮಾದರಿ ಎಕ್ಸ್‌ಎಂಎಲ್ ಕಡತಗಳು. ಕೆಲಸ ಎರಡೇ ಆಜ್ಞೆಗಳದ್ದು: ‘ಡೌನ್‌ಲೋಡ್’ ಕೊಟ್ಟರೆ ಆಫೀಸ್ ಕಡತಗಳನ್ನು ಹಂಚಿದ ಫೋಲ್ಡರ್‌ಗೆ ಇಳಿಸುತ್ತದೆ, ‘ಕಾನ್ಫಿಗರ್’ ಕೊಟ್ಟರೆ ಅಲ್ಲಿಂದ ಇನ್‌ಸ್ಟಾಲ್ ಮಾಡುತ್ತದೆ. ನಾಲ್ಕು ಸರ್ವರ್‌ಗಳೂ ಅಂತರ್ಜಾಲದಿಂದ ಬೇರೆ ಬೇರೆ ಇಳಿಸಿಕೊಂಡರೆ ಆವೃತ್ತಿ ಒಂದೇ ಇರುತ್ತದೆ ಎಂಬ ಖಾತರಿ ಇಲ್ಲ. ಆದ್ದರಿಂದ ಒಮ್ಮೆ ಇಳಿಸಿ, ಎಲ್ಲಕ್ಕೂ ಅದನ್ನೇ ಕೊಟ್ಟೆವು.

ನಮ್ಮ ಎಕ್ಸ್‌ಎಂಎಲ್‌ನಲ್ಲಿ ಇದ್ದದ್ದು ಇಷ್ಟು: 64 ಬಿಟ್, ಮಂತ್ಲಿ ಎಂಟರ್‌ಪ್ರೈಸ್ ಚಾನೆಲ್ (ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುವ ಬಗೆ), ಮೂಲ ಫೋಲ್ಡರ್‌ನ ನೆಟ್‌ವರ್ಕ್ ವಿಳಾಸ, ಪರದೆಯ ಮೇಲೆ ಏನೂ ತೋರಿಸಬೇಡ, ಒಪ್ಪಂದವನ್ನು ಒಪ್ಪಿಕೋ ಎಂಬ ಸೂಚನೆ, ತಾನಾಗಿ ನವೀಕರಣ ಬೇಡ. ಬೇಡದ ಆ್ಯಪ್‌ಗಳ ಪಟ್ಟಿಯಲ್ಲಿ ಗ್ರೂವ್, ಲಿಂಕ್, ಒನ್‌ಡ್ರೈವ್ ಮತ್ತು ಟೀಮ್ಸ್. ಇಲ್ಲಿ ‘ಗ್ರೂವ್’ ಎಂದರೆ ಹಳೆಯ ಒನ್‌ಡ್ರೈವ್ ಫಾರ್ ಬಿಸಿನೆಸ್, ‘ಲಿಂಕ್’ ಎಂದರೆ ಸ್ಕೈಪ್ ಫಾರ್ ಬಿಸಿನೆಸ್. ಹೆಸರು ಹಳೆಯದೇ ಉಳಿದಿದೆ. ಎಲ್ಲಕ್ಕಿಂತ ಮುಖ್ಯವಾದ ಸಾಲು ‘ಶೇರ್ಡ್ ಕಂಪ್ಯೂಟರ್ ಲೈಸೆನ್ಸಿಂಗ್’ ಗುಣಕ್ಕೆ 1 ಎಂಬ ಬೆಲೆ.

ಈ ಸಾಲು ಬಿಟ್ಟುಹೋದರೂ ಇನ್‌ಸ್ಟಾಲ್ ಯಾವ ತಕರಾರೂ ಇಲ್ಲದೆ ಮುಗಿಯುತ್ತದೆ, ಅದೇ ಅಪಾಯ. ಮುಗಿದ ಮೇಲೆ ಎರಡು ಕಡೆ ನೋಡಬೇಕು. ಒಂದು, ರಿಜಿಸ್ಟ್ರಿಯಲ್ಲಿ ಯಂತ್ರದ ಭಾಗದ ಕೆಳಗೆ ಕ್ಲಿಕ್-ಟು-ರನ್ ಸಂರಚನೆಯಲ್ಲಿ ಅದೇ ಹೆಸರಿನ ಬೆಲೆ 1 ಇರಬೇಕು. ಇನ್ನೊಂದು, ವರ್ಡ್‌ನಲ್ಲಿ ಖಾತೆ ಪುಟಕ್ಕೆ ಹೋಗಿ ‘ವರ್ಡ್ ಬಗ್ಗೆ’ ತೆರೆದಾಗ, ಮೇಲಿನ ಆವೃತ್ತಿ ಸಂಖ್ಯೆಯ ಕೆಳಗಿನ ಸಾಲಿನಲ್ಲಿ ಉತ್ಪನ್ನ ಸಂಖ್ಯೆಯ ಬದಲು ಹಂಚಿಕೆಯ ಕಂಪ್ಯೂಟರ್ ಸಕ್ರಿಯಗೊಳಿಕೆ ಎಂಬ ಮಾತು ಇಂಗ್ಲಿಷ್‌ನಲ್ಲಿ ಕಾಣಬೇಕು.

ಹಂತ 4: ಕೈಯಿಂದ ಓಡಿದ್ದು ಸ್ಕ್ರಿಪ್ಟ್‌ನಿಂದ ಓಡಲಿಲ್ಲ

ಮೊದಲ ಸರ್ವರ್‌ನಲ್ಲಿ ಲಾಗಿನ್ ಆಗಿ ಆಜ್ಞೆ ಕೊಟ್ಟಾಗ ಎಲ್ಲವೂ ಸರಿ. ಉಳಿದ ಮೂರರಲ್ಲಿ ನಿಗದಿತ ಕಾರ್ಯವಾಗಿ, ಸಿಸ್ಟಂ ಖಾತೆಯ ಹೆಸರಿನಲ್ಲಿ ಓಡಿಸಿದಾಗ ಕೆಲವೇ ಕ್ಷಣಗಳಲ್ಲಿ ಮುಗಿಯಿತು; ಆಫೀಸ್ ಮಾತ್ರ ಇಲ್ಲ. ಪರದೆಯ ಮೇಲೆ ಏನೂ ತೋರಿಸಬೇಡ ಎಂದಿದ್ದೆವಲ್ಲ, ಅದು ದೋಷವನ್ನೂ ತೋರಿಸಲಿಲ್ಲ.

ಬಳಕೆದಾರರಾಗಿ ಓಡಿಸಿದರೆ ಲಾಗ್ ಅವರ ತಾತ್ಕಾಲಿಕ ಫೋಲ್ಡರ್‌ನಲ್ಲಿ ಇರುತ್ತದೆ. ಸಿಸ್ಟಂ ಖಾತೆಯಿಂದ ಓಡಿಸಿದರೆ ವಿಂಡೋಸ್ ಫೋಲ್ಡರ್‌ನೊಳಗಿನ ‘ಟೆಂಪ್’ನಲ್ಲಿ. ಕಡತದ ಹೆಸರು ಕಂಪ್ಯೂಟರ್ ಹೆಸರಿನಿಂದ ಶುರುವಾಗಿ ದಿನಾಂಕ, ಸಮಯದಿಂದ ಮುಗಿಯುತ್ತದೆ. ಅಲ್ಲಿ ನೋಡಿದರೆ ಮೂಲ ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಎಂದಿತ್ತು. ಸಿಸ್ಟಂ ಖಾತೆ ನೆಟ್‌ವರ್ಕ್‌ನಲ್ಲಿ ಬೇರೆ ಯಂತ್ರದ ಬಾಗಿಲು ತಟ್ಟುವಾಗ ಕಂಪ್ಯೂಟರ್‌ನ ಹೆಸರಿನಲ್ಲಿ ಹೋಗುತ್ತದೆ, ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ಅಲ್ಲ. ಹಂಚಿದ ಫೋಲ್ಡರ್‌ಗೆ ಮತ್ತು ಎನ್‌ಟಿಎಫ್‌ಎಸ್‌ಗೆ (ಡಿಸ್ಕ್‌ನ ಕಡತ ವ್ಯವಸ್ಥೆ), ಎರಡಕ್ಕೂ ‘ಡೊಮೈನ್ ಕಂಪ್ಯೂಟರ್ಸ್’ ಗುಂಪಿಗೆ ಓದುವ ಅನುಮತಿ ಕೊಟ್ಟ ಮೇಲೆ ಮೂರೂ ಸರ್ವರ್‌ಗಳಲ್ಲಿ ಇನ್‌ಸ್ಟಾಲ್ ಆಯಿತು.

ಹಂತ 5: ಸಕ್ರಿಯಗೊಳಿಕೆ

ನಿಜವಾದ ಕೆಲಸ ಇಲ್ಲಿಂದ ಶುರುವಾಗುತ್ತದೆ.

ಪರವಾನಗಿ ಟೋಕನ್ ಬಳಕೆದಾರರ ಪ್ರೊಫೈಲ್‌ನೊಳಗೆ, ಲೋಕಲ್ ಆ್ಯಪ್‌ಡೇಟಾದ ಕೆಳಗಿರುವ ಮೈಕ್ರೋಸಾಫ್ಟ್ ಆಫೀಸ್ 16.0ರ ಲೈಸೆನ್ಸಿಂಗ್ ಫೋಲ್ಡರ್‌ನಲ್ಲಿ ಕೂರುತ್ತದೆ. ಅದರ ಆಯುಸ್ಸು 30 ದಿನ. ಮುಗಿಯುವ ಹೊತ್ತಿಗೆ ಆಫೀಸ್ ತಾನೇ ಅಂತರ್ಜಾಲದ ಮೂಲಕ ನವೀಕರಿಸಿಕೊಳ್ಳುತ್ತದೆ. ಟೋಕನ್ ಸಿಗದಿದ್ದರೆ ಆಫೀಸ್ ಕಡತಗಳನ್ನು ತೋರಿಸುತ್ತದೆ, ಮುದ್ರಿಸುತ್ತದೆ; ತಿದ್ದಲು ಬಿಡುವುದಿಲ್ಲ. ಪ್ರತಿ ಸರ್ವರ್‌ನಲ್ಲೂ ಬಳಕೆದಾರರ ಪ್ರೊಫೈಲ್ ಬೇರೆಬೇರೆ ಇದ್ದರೆ ಪ್ರತಿ ಸರ್ವರ್‌ನಲ್ಲೂ ಹೊಸ ಟೋಕನ್ ಬೇಕು. ಕಡಿಮೆ ಅವಧಿಯಲ್ಲಿ ಒಬ್ಬರೇ ತುಂಬ ಹಂಚಿಕೆಯ ಕಂಪ್ಯೂಟರ್‌ಗಳಲ್ಲಿ ಸಕ್ರಿಯಗೊಳಿಸಲು ಹೋದರೆ ಮೈಕ್ರೋಸಾಫ್ಟ್ ತಡೆಯುತ್ತದೆ ಕೂಡ. ಟೋಕನನ್ನು ಹಂಚಿದ ಫೋಲ್ಡರ್‌ನಲ್ಲಿ ಇಡುವ ಪ್ರತ್ಯೇಕ ಆಯ್ಕೆ ಸಂರಚನೆಯಲ್ಲಿ ಇದೆ. ನಾವು ಇಡೀ ಪ್ರೊಫೈಲನ್ನೇ ಹಂಚಿದ ಜಾಗದಲ್ಲಿ ಇಡುವ ಯೋಜನೆಯಲ್ಲಿದ್ದುದರಿಂದ ಅದನ್ನು ಮುಟ್ಟಲಿಲ್ಲ.

ಪ್ರಾಯೋಗಿಕ ಗುಂಪು ವರ್ಡ್ ತೆರೆದಾಗ ಪ್ರತಿಯೊಬ್ಬರಿಗೂ ಲಾಗಿನ್ ಕಿಟಕಿ ಬಂತು. ಇದು ನಮಗೆ ಬೇಡವಾಗಿತ್ತು. ಡೊಮೈನ್‌ಗೆ ಲಾಗಿನ್ ಆಗಿರುವವರನ್ನು ಆಫೀಸ್ ಮತ್ತೆ ಪಾಸ್‌ವರ್ಡ್ ಕೇಳಬಾರದು. ಅದಕ್ಕೆ ಸರ್ವರ್ ಸ್ಥಳೀಯ ಡೊಮೈನ್‌ಗೂ ಮೈಕ್ರೋಸಾಫ್ಟ್ ಎಂಟ್ರಾಗೂ (ಕ್ಲೌಡ್‌ನಲ್ಲಿರುವ ಗುರುತಿನ ಸೇವೆ, ಹಿಂದಿನ ಹೆಸರು ಆ್ಯಜೂರ್ ಎಡಿ), ಎರಡಕ್ಕೂ ಸೇರಿರಬೇಕು. ‘ಡಿಎಸ್‌ರೆಗ್‌ಸಿಎಂಡಿ’ ಆಜ್ಞೆಗೆ ‘ಸ್ಟೇಟಸ್’ ಕೊಟ್ಟು ನೋಡಿದರೆ ‘ಆ್ಯಜೂರ್ಎಡಿ ಜಾಯಿನ್ಡ್’ ಎದುರು ‘ನೋ’ ಎಂದಿತ್ತು.

ಕಾರಣ ಸರಳವಾದದ್ದು, ಆದರೆ ಸರ್ವರ್‌ನಲ್ಲಿ ಎಷ್ಟು ಹುಡುಕಿದರೂ ಸಿಗದಂಥದ್ದು. ಹೊಸ ಸರ್ವರ್‌ಗಳನ್ನು ಆ್ಯಕ್ಟಿವ್ ಡೈರೆಕ್ಟರಿಯಲ್ಲಿ (ಸ್ಥಳೀಯ ಡೊಮೈನ್‌ನ ಖಾತೆ, ಯಂತ್ರಗಳ ಪಟ್ಟಿ) ಹೊಸ ಘಟಕವೊಂದರಲ್ಲಿ ಇಟ್ಟಿದ್ದೆವು. ಎರಡನ್ನೂ ಸಿಂಕ್ ಮಾಡುವ ಸಾಧನವಾದ ಎಂಟ್ರಾ ಕನೆಕ್ಟ್ ಯಾವ ಘಟಕಗಳನ್ನು ಕ್ಲೌಡ್‌ಗೆ ಕಳಿಸಬೇಕೆಂಬ ಪಟ್ಟಿಯಲ್ಲಿ ಅದು ಇರಲಿಲ್ಲ. ಸೇರಿಸಿದೆವು. ಸಿಂಕ್ 30 ನಿಮಿಷಕ್ಕೊಮ್ಮೆ ನಡೆಯುತ್ತದೆ; ಅದು ನಡೆದ ಮೇಲೆ ಸರ್ವರ್‌ನಲ್ಲಿನ ಸೇರ್ಪಡೆಯ ನಿಗದಿತ ಕಾರ್ಯ ಮತ್ತೆ ಓಡಬೇಕು. ತಾಳ್ಮೆ ಬೇಕಾಗುವ ಜಾಗ ಇದು, ನಡುವೆ ಏನನ್ನೂ ಬದಲಿಸಬಾರದು. ಕೊನೆಗೆ ‘ಯೆಸ್’ ಬಂತು. ಬಳಕೆದಾರರು ಹೊಸದಾಗಿ ಲಾಗಿನ್ ಆದಾಗ ಅದೇ ಆಜ್ಞೆಯ ಕೆಳಭಾಗದಲ್ಲಿ ‘ಆ್ಯಜೂರ್ಎಡಿ ಪಿಆರ್‌ಟಿ’ (ಬಳಕೆದಾರರ ಲಾಗಿನ್‌ನ ಮುಖ್ಯ ಟೋಕನ್) ಎದುರೂ ‘ಯೆಸ್’. ಆ ಎರಡನೆಯ ‘ಯೆಸ್’ ಇದ್ದರೆ ಮಾತ್ರ ಆಫೀಸ್ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಇದನ್ನು ಬಳಕೆದಾರರ ಸೆಷನ್‌ನಲ್ಲೇ ನೋಡಬೇಕು. ಅಡ್ಮಿನಿಸ್ಟ್ರೇಟರ್ ಕಿಟಕಿಯಲ್ಲಿ ಕಾಣುವುದು ಅಡ್ಮಿನಿಸ್ಟ್ರೇಟರ್‌ನ ಸ್ಥಿತಿ.

ಒಂದು ಎಚ್ಚರಿಕೆ: ಹೀಗೆ ಸೇರ್ಪಡೆಯಾದ ಸರ್ವರ್‌ನ ಪ್ರತಿ ತೆಗೆದು ಬೇರೆ ಸರ್ವರ್ ಎಬ್ಬಿಸಬೇಡಿ. ಗುರುತೂ ನಕಲಾಗುತ್ತದೆ.

ಬಿಳಿ ಕಿಟಕಿ

ಹೆಚ್ಚಿನವರಿಗೆ ಸರಿಹೋಯಿತು. ಕೆಲವರಿಗೆ ಮಾತ್ರ ಲಾಗಿನ್ ಕಿಟಕಿ ಬಿಳಿಯಾಗಿ ಒಂದು ಕ್ಷಣ ಮಿನುಗಿ ಮಾಯವಾಗುತ್ತಿತ್ತು, ಇಲ್ಲವೇ 1001 ಎಂಬ ದೋಷ ಸಂಖ್ಯೆ ಬರುತ್ತಿತ್ತು. ಹುಡುಕಿದರೆ ಎಲ್ಲೆಡೆ ಸಿಗುವ ಸಲಹೆ ಒಂದೇ: ರಿಜಿಸ್ಟ್ರಿಯಲ್ಲಿ ‘ಎನೇಬಲ್ ಎಡಿಎಎಲ್’ ಬೆಲೆಯನ್ನು 0 ಮಾಡಿ. ಪ್ರಯೋಗಕ್ಕೆ ಒಬ್ಬರ ಖಾತೆಯಲ್ಲಿ ಮಾಡಿ ನೋಡಿದೆವು. ಕಿಟಕಿಯ ಸಮಸ್ಯೆ ಹೋಯಿತು, ನಿಜ. ಆದರೆ ಅದು ಆಧುನಿಕ ದೃಢೀಕರಣವನ್ನೇ ನಿಲ್ಲಿಸಿಬಿಡುತ್ತದೆ. ಹೀಗೆ ಮಾಡಬೇಡಿ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳುತ್ತದೆ. ಬಹುಹಂತದ ದೃಢೀಕರಣ ಇರುವ ಕಡೆ ಇದು ಪರಿಹಾರವೇ ಅಲ್ಲ. ತೆಗೆದುಹಾಕಿ ಮೂಲ ಕಾರಣ ಹುಡುಕಿದೆವು.

ಆಫೀಸ್‌ನ ಲಾಗಿನ್ ಕೆಲಸವನ್ನು ಮಾಡುವುದು ವಿಂಡೋಸ್‌ನಲ್ಲೇ ಇರುವ ‘ಎಎಡಿ ಬ್ರೋಕರ್ ಪ್ಲಗಿನ್’ ಎಂಬ ಆ್ಯಪ್. ಅದು ಪ್ರತಿ ಬಳಕೆದಾರರ ಪ್ರೊಫೈಲ್‌ನಲ್ಲಿ ನೋಂದಣಿಯಾಗಿರಬೇಕು. ಅದರ ಕಡತಗಳು ಲೋಕಲ್ ಆ್ಯಪ್‌ಡೇಟಾದ ‘ಪ್ಯಾಕೇಜಸ್’ ಫೋಲ್ಡರ್‌ನಲ್ಲಿ ಇರುತ್ತವೆ. ಎಫ್‌ಎಸ್‌ಲಾಜಿಕ್ಸ್‌ನಲ್ಲಿ ಬೇಡದ ಫೋಲ್ಡರ್‌ಗಳನ್ನು ಕಂಟೇನರ್‌ನ (ಪ್ರೊಫೈಲ್ ಇಡುವ ಡಿಸ್ಕ್ ಕಡತದ) ಹೊರಗಿಡಲು ‘ರೀಡೈರೆಕ್ಷನ್ಸ್’ ಎಂಬ ಎಕ್ಸ್‌ಎಂಎಲ್ ಕಡತ ಬಳಸಬಹುದು. ಮೊದಲ ಪ್ರಯೋಗದ ಕಾಲದಲ್ಲಿ ಜಾಗ ಉಳಿಸಲೆಂದು ಸಿದ್ಧ ಪಟ್ಟಿಯೊಂದನ್ನು ಬಳಸಿದ್ದೆವು. ಅದರಲ್ಲಿ ‘ಪ್ಯಾಕೇಜಸ್’ ಪೂರ್ತಿಯಾಗಿ ಹೊರಗಿತ್ತು. ಆ ಕಾಲದಲ್ಲಿ ಕಂಟೇನರ್ ಹುಟ್ಟಿದವರಿಗೇ ಈ ತೊಂದರೆ. ಆ ಸಾಲನ್ನು ತೆಗೆದು, ಅವರ ಸೆಷನ್‌ನಲ್ಲಿ ಪವರ್‌ಶೆಲ್‌ನ ‘ಆ್ಯಡ್-ಆ್ಯಪ್‌ಎಕ್ಸ್‌ಪ್ಯಾಕೇಜ್’ ಆಜ್ಞೆಯಿಂದ ಬ್ರೋಕರ್ ಪ್ಲಗಿನ್‌ನ ಮ್ಯಾನಿಫೆಸ್ಟ್ ಕಡತವನ್ನು ಮರುನೋಂದಣಿ ಮಾಡಿದೆವು. ಬಿಳಿ ಕಿಟಕಿ ಮತ್ತೆ ಬರಲಿಲ್ಲ. ನನ್ನ ಸಲಹೆ: ಹೊರಗಿಡುವ ಪಟ್ಟಿಯನ್ನು ಖಾಲಿಯಾಗಿಯೇ ಶುರುಮಾಡಿ. ಯಾವ ಫೋಲ್ಡರ್ ನಿಜವಾಗಿ ಉಬ್ಬುತ್ತಿದೆ ಎಂದು ಅಳೆದ ಮೇಲೆ ಒಂದೊಂದಾಗಿ ಸೇರಿಸಿ.

ಹಂತ 6: ಎಫ್‌ಎಸ್‌ಲಾಜಿಕ್ಸ್ ಪ್ರೊಫೈಲ್

ಬಳಕೆದಾರರ ಇಡೀ ಪ್ರೊಫೈಲ್ ಒಂದು ವಿಎಚ್‌ಡಿಎಕ್ಸ್ ಕಡತದಲ್ಲಿ, ಆ ಕಡತ ನೆಟ್‌ವರ್ಕ್‌ನಲ್ಲಿ. ಲಾಗಿನ್ ಆದಾಗ ಯಾವ ಸರ್ವರ್ ಆದರೂ ಅದನ್ನು ಡಿಸ್ಕ್‌ನಂತೆ ಜೋಡಿಸಿಕೊಳ್ಳುತ್ತದೆ. ನಾವು ಹಾಕಿದ ಮುಖ್ಯ ಬೆಲೆಗಳು: ಸಕ್ರಿಯ 1, ಕಂಟೇನರ್‌ಗಳ ಜಾಗದ ವಿಳಾಸ, ಮಾದರಿ ವಿಎಚ್‌ಡಿಎಕ್ಸ್, ಗರಿಷ್ಠ ಗಾತ್ರ ಮೂಲದಲ್ಲೇ ಇರುವ 30,000 ಎಂಬಿ, ಬಳಸಿದಷ್ಟೇ ಬೆಳೆಯುವ ಡಿಸ್ಕ್, ಫೋಲ್ಡರ್ ಹೆಸರಿನಲ್ಲಿ ಬಳಕೆದಾರರ ಹೆಸರು ಮೊದಲು, ಎಸ್ಐಡಿ (ಖಾತೆಗೆ ವಿಂಡೋಸ್ ಕೊಡುವ ಗುರುತಿನ ಸಂಖ್ಯೆ) ನಂತರ. ಕೊನೆಯದು ಸಣ್ಣ ವಿಷಯ ಅನಿಸಬಹುದು, ಆದರೆ ನಡುಹಗಲಿನಲ್ಲಿ ಒಬ್ಬರ ಕಂಟೇನರ್ ಹುಡುಕುವಾಗ ಅದರ ಬೆಲೆ ತಿಳಿಯುತ್ತದೆ.

ಹಂಚಿದ ಫೋಲ್ಡರ್‌ನ ಅನುಮತಿ: ಬಳಕೆದಾರರಿಗೆ ಆ ಒಂದು ಫೋಲ್ಡರ್ ಮಟ್ಟದಲ್ಲಿ ಮಾತ್ರ ಬದಲಾಯಿಸುವ ಹಕ್ಕು, ‘ಕ್ರಿಯೇಟರ್ ಓನರ್’ಗೆ ಒಳಗಿನ ಫೋಲ್ಡರ್ ಮತ್ತು ಕಡತಗಳ ಮೇಲೆ ಬದಲಾಯಿಸುವ ಹಕ್ಕು, ಅಡ್ಮಿನಿಸ್ಟ್ರೇಟರ್‌ಗಳಿಗೆ ಪೂರ್ಣ. ಹೀಗಿದ್ದರೆ ಒಬ್ಬರ ಪ್ರೊಫೈಲ್ ಇನ್ನೊಬ್ಬರಿಗೆ ತೆರೆಯುವುದಿಲ್ಲ. ಆ್ಯಂಟಿವೈರಸ್‌ನಲ್ಲಿ ವಿಎಚ್‌ಡಿ, ವಿಎಚ್‌ಡಿಎಕ್ಸ್ ಕಡತಗಳನ್ನೂ ಎಫ್‌ಎಸ್‌ಲಾಜಿಕ್ಸ್‌ನ ಸೇವೆ ಮತ್ತು ಚಾಲಕಗಳನ್ನೂ ಪರಿಶೀಲನೆಯಿಂದ ಹೊರಗಿಟ್ಟೆವು. ಜೋಡಣೆಯಾದ ಮೇಲೆ ಒಳಗಿನ ಕಡತಗಳು ಹೇಗೂ ಪರಿಶೀಲನೆಗೆ ಒಳಪಡುತ್ತವೆ.

ಇಡೀ ಕೆಲಸದಲ್ಲಿ ನಿಜವಾದ ಹಾನಿ ಆದದ್ದು ಒಂದೇ ಕಡೆ, ಅದು ಇಲ್ಲಿ. ಎರಡನೆಯ ಸರ್ವರ್ ಹೆಪ್ಪುಗಟ್ಟಿ, ಬಲವಂತವಾಗಿ ಮರುಚಾಲನೆ ಮಾಡಬೇಕಾಯಿತು. ಅದರಲ್ಲಿದ್ದವರು ಬೇರೆ ಸರ್ವರ್‌ಗಳಿಗೆ ಲಾಗಿನ್ ಆದರು. ಆದರೆ ಕಡತ ಸರ್ವರ್‌ನಲ್ಲಿ ಅವರ ಕಂಟೇನರ್‌ಗಳು ಇನ್ನೂ ಎರಡನೆಯ ಸರ್ವರ್‌ನ ಹಿಡಿತದಲ್ಲೇ ಇದ್ದಂತೆ ದಾಖಲಾಗಿತ್ತು. ಜೋಡಣೆ ಆಗಲಿಲ್ಲ. ಎಫ್‌ಎಸ್‌ಲಾಜಿಕ್ಸ್ ಮೂಲ ಸಂರಚನೆಯಲ್ಲಿ ಹೀಗಾದಾಗ ಲಾಗಿನ್ ತಡೆಯುವುದಿಲ್ಲ. ವಿಂಡೋಸ್ ಹೊಸ ಸ್ಥಳೀಯ ಪ್ರೊಫೈಲ್ ಒಂದನ್ನು ಕಟ್ಟಿಕೊಡುತ್ತದೆ. ಡೆಸ್ಕ್‌ಟಾಪ್ ಖಾಲಿ ಕಂಡರೂ ಒಬ್ಬರು ಅದರಲ್ಲೇ ಅರ್ಧ ದಿನ ಕೆಲಸ ಮಾಡಿ, ಕರಡು ವರದಿಯನ್ನು ಡೆಸ್ಕ್‌ಟಾಪ್‌ನಲ್ಲಿ ಉಳಿಸಿದರು. ಮತ್ತೆ ಲಾಗಿನ್ ಆದಾಗ ಕಂಟೇನರ್ ಸರಿಯಾಗಿ ಜೋಡಣೆಯಾಯಿತು. ‘ಕಂಟೇನರ್ ಇರಬೇಕಾದ ಕಡೆ ಸ್ಥಳೀಯ ಪ್ರೊಫೈಲ್ ಇದ್ದರೆ ಅಳಿಸು’ ಎಂಬ ಆಯ್ಕೆಯನ್ನು ನಾವು ಹಾಕಿದ್ದರಿಂದ ಸ್ಥಳೀಯ ಪ್ರೊಫೈಲ್ ವರದಿಯ ಸಮೇತ ಶಾಶ್ವತವಾಗಿ ಅಳಿಸಿಹೋಯಿತು.

ಈ ಆಯ್ಕೆಯನ್ನು ಬಳಸುವವರು ಇನ್ನೆರಡನ್ನು ಜೊತೆಯಲ್ಲೇ ಹಾಕಲೇಬೇಕು: ಕಂಟೇನರ್ ಜೋಡಣೆ ವಿಫಲವಾದರೆ ಲಾಗಿನ್ ತಡೆ, ತಾತ್ಕಾಲಿಕ ಪ್ರೊಫೈಲ್ ಬಂದರೆ ಲಾಗಿನ್ ತಡೆ. ಎರಡಕ್ಕೂ ಬೆಲೆ 1. ಆಗ ಬಳಕೆದಾರರಿಗೆ ದೋಷ ಸಂದೇಶ ಕಾಣುತ್ತದೆ, ಅವರು ನಮಗೆ ಕರೆ ಮಾಡುತ್ತಾರೆ. ಬೆಳಗಿನ ಹೊತ್ತು ಬರುವ ಒಂದು ಕರೆ, ಕಳೆದುಹೋದ ಕೆಲಸಕ್ಕಿಂತ ಎಷ್ಟೋ ಮೇಲು.

ಹಿಡಿತ ಬಿಡಿಸುವ ಬಗೆ: ಕಡತ ಸರ್ವರ್‌ನಲ್ಲಿ ಪವರ್‌ಶೆಲ್‌ನ ‘ಗೆಟ್-ಎಸ್‌ಎಂಬಿಓಪನ್‌ಫೈಲ್’ ಆಜ್ಞೆಯಿಂದ ಆ ಬಳಕೆದಾರರ ವಿಎಚ್‌ಡಿಎಕ್ಸ್ ತೆರೆದಿಟ್ಟಿರುವ ಯಂತ್ರ ಯಾವುದೆಂದು ನೋಡಿ. ಆ ಯಂತ್ರದಲ್ಲಿ ಅವರ ಸೆಷನ್ ನಿಜವಾಗಿ ಇಲ್ಲ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ‘ಕ್ಲೋಸ್-ಎಸ್‌ಎಂಬಿಓಪನ್‌ಫೈಲ್’ ಕೊಡಿ. ಬಳಕೆಯಲ್ಲಿರುವ ಕಂಟೇನರನ್ನು ಹೀಗೆ ಮುಚ್ಚಿದರೆ ಪ್ರೊಫೈಲ್ ಕೆಡುತ್ತದೆ. ಎಫ್‌ಎಸ್‌ಲಾಜಿಕ್ಸ್‌ನ ಲಾಗ್ ಪ್ರತಿ ಸರ್ವರ್‌ನ ಪ್ರೋಗ್ರಾಂಡೇಟಾ ಫೋಲ್ಡರ್‌ನೊಳಗೆ ದಿನಕ್ಕೊಂದರಂತೆ ಇರುತ್ತದೆ. ಅಲ್ಲಿ ದೋಷ ಎಂಬ ಸಾಲನ್ನು ಹುಡುಕಿದರೆ ಕಾರಣ ನೇರವಾಗಿ ಸಿಗುತ್ತದೆ.

ಹಂತ 7: ಔಟ್‌ಲುಕ್ ಮತ್ತು ಗ್ರೂಪ್ ಪಾಲಿಸಿ

ಆಫೀಸ್‌ನ ಪಾಲಿಸಿಗಳು (ಡೊಮೈನ್‌ನಿಂದ ಹೇರುವ ಸೆಟ್ಟಿಂಗ್‌ಗಳು) ಹೆಚ್ಚಿನವು ಬಳಕೆದಾರರ ಮೇಲಿನವು. ಅವು ಈ ಸರ್ವರ್‌ಗಳಲ್ಲಿ ಮಾತ್ರ ಅನ್ವಯಿಸಬೇಕು, ಅವರ ಮೇಜಿನ ಕಂಪ್ಯೂಟರ್‌ನಲ್ಲಿ ಬೇಡ. ಅದಕ್ಕೆ ಸರ್ವರ್‌ಗಳ ಘಟಕದ ಮೇಲೆ ಲೂಪ್‌ಬ್ಯಾಕ್ ಆಯ್ಕೆಯನ್ನು ‘ಮರ್ಜ್’ ರೀತಿಯಲ್ಲಿ ಹಾಕಿದೆವು.

ಔಟ್‌ಲುಕ್‌ನ ಕ್ಯಾಶ್ ಸ್ಥಿತಿಯನ್ನು (ಅಂಚೆಯ ಪ್ರತಿಯನ್ನು ಪ್ರೊಫೈಲ್‌ನಲ್ಲೇ ಇಟ್ಟುಕೊಳ್ಳುವುದು) ಪೂರ್ತಿ ನಿಲ್ಲಿಸಿ ನೋಡಿದೆವು. ಜಾಗ ಉಳಿಯಿತು, ಹುಡುಕಾಟ ಮಂದವಾಯಿತು, ದೂರುಗಳು ಬಂದವು. ಕ್ಯಾಶ್ ಇಟ್ಟು, ಅವಧಿಯನ್ನು 12 ತಿಂಗಳಿಂದ 3 ತಿಂಗಳಿಗೆ ಇಳಿಸಿದೆವು. ಇದರ ಜೊತೆ ಹಂಚಿಕೆಯ ಫೋಲ್ಡರ್‌ಗಳನ್ನು ಇಳಿಸಿಕೊಳ್ಳುವ ಆಯ್ಕೆಯನ್ನು ನಿಲ್ಲಿಸಿದ್ದು ಹೆಚ್ಚು ಫಲ ಕೊಟ್ಟಿತು. ಒಂದೇ ಹಂಚಿಕೆಯ ಅಂಚೆಪೆಟ್ಟಿಗೆಯನ್ನು ಹತ್ತು ಜನ ತೆರೆದಿಟ್ಟುಕೊಂಡರೆ ಅದರ ಹತ್ತು ಪ್ರತಿಗಳು ಹತ್ತು ಕಂಟೇನರ್‌ಗಳಲ್ಲಿ ಕೂರುತ್ತಿದ್ದವು. ಈಗ ಸರಾಸರಿ ಕಂಟೇನರ್ 12 ಜಿಬಿ ಆಸುಪಾಸಿನಲ್ಲಿದೆ. 80 ಜನಕ್ಕೆ ಸುಮಾರು 1 ಟಿಬಿ. ಎಲ್ಲರೂ ಗರಿಷ್ಠ 30 ಜಿಬಿ ತುಂಬಿದರೂ 2.4 ಟಿಬಿ, 3 ಟಿಬಿಯೊಳಗೇ ಇರುತ್ತದೆ. ಎಫ್‌ಎಸ್‌ಲಾಜಿಕ್ಸ್ 2210ನೇ ಆವೃತ್ತಿಯಿಂದ ಲಾಗ್‌ಆಫ್ ಹೊತ್ತಿಗೆ ಕಂಟೇನರನ್ನು ಕುಗ್ಗಿಸುವ ವ್ಯವಸ್ಥೆ ತಾನಾಗಿ ನಡೆಯುತ್ತದೆ. ಹಿಂದೆ ಇದಕ್ಕೆ ಬೇರೆ ಸ್ಕ್ರಿಪ್ಟ್ ಬೇಕಿತ್ತು.

ಹುಡುಕಾಟದ ಸೂಚಿಯನ್ನು ಕಂಟೇನರ್‌ನಲ್ಲಿ ಒಯ್ಯುವ ಎಫ್‌ಎಸ್‌ಲಾಜಿಕ್ಸ್ ಆಯ್ಕೆ ಬೇಡ. ಸರ್ವರ್ 2019ರಿಂದ ಈಚೆಗೆ ವಿಂಡೋಸ್ ತಾನೇ ಪ್ರತಿ ಬಳಕೆದಾರರಿಗೂ ಪ್ರತ್ಯೇಕ ಸೂಚಿ ಇಡುತ್ತದೆ. ಎರಡೂ ಸೇರಿದರೆ ಜಗಳವಾಗುತ್ತದೆ. ಆಫೀಸ್‌ನ ಗ್ರಾಫಿಕ್ಸ್ ವೇಗವರ್ಧನೆಯನ್ನೂ ಅನಿಮೇಷನ್‌ಗಳನ್ನೂ ನಿಲ್ಲಿಸಿದೆವು. ಎಕ್ಸೆಲ್‌ನಲ್ಲಿ ಕೋಶದಿಂದ ಕೋಶಕ್ಕೆ ಹೋಗುವಾಗ ಆಗುತ್ತಿದ್ದ ಎಳೆತ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಹಂತ 8: ನವೀಕರಣದ ಕ್ರಮ

ತಾನಾಗಿ ನವೀಕರಣ ನಿಲ್ಲಿಸಿರುವುದರಿಂದ ಅದರ ಹೊಣೆ ನಮ್ಮದು, ಇದನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡದಿದ್ದರೆ ಆವೃತ್ತಿ ಹಳತಾಗಿ ಬೆಂಬಲದಿಂದ ಹೊರಬೀಳುತ್ತದೆ. ಪ್ರತಿ ತಿಂಗಳು ಹೊಸ ಆವೃತ್ತಿಯನ್ನು ಬೇರೆ ಫೋಲ್ಡರ್‌ಗೆ ಇಳಿಸುತ್ತೇವೆ, ಹಳೆಯದನ್ನು ಅಳಿಸುವುದಿಲ್ಲ. ನಾಲ್ಕನೆಯ ಸರ್ವರ್‌ಗೆ ‘ಚೇಂಜ್ ಲಾಗಾನ್’ ಆಜ್ಞೆಯನ್ನು ‘ಡ್ರೇನ್ ಅಂಟಿಲ್ ರೀಸ್ಟಾರ್ಟ್’ ಆಯ್ಕೆಯೊಂದಿಗೆ ಕೊಡುತ್ತೇವೆ. ಹೊಸಬರು ಬರುವುದಿಲ್ಲ, ಒಳಗಿರುವವರು ತಮ್ಮ ಕೆಲಸ ಮುಗಿಸಿ ಹೋಗುತ್ತಾರೆ, ಮರುಚಾಲನೆಯ ಹೊತ್ತಿಗೆ ಬಾಗಿಲು ತಾನೇ ತೆರೆಯುತ್ತದೆ. ಖಾಲಿಯಾದ ಮೇಲೆ ಹೊಸ ಫೋಲ್ಡರ್ ಸೂಚಿಸುವ ಎಕ್ಸ್‌ಎಂಎಲ್‌ನೊಂದಿಗೆ ‘ಕಾನ್ಫಿಗರ್’ ಮತ್ತೆ ಓಡಿಸಿದರೆ ಆವೃತ್ತಿ ಬದಲಾಗುತ್ತದೆ. ಲೆಕ್ಕಪತ್ರ ವಿಭಾಗದವರು ಅದರಲ್ಲಿ ತಮ್ಮ ಮ್ಯಾಕ್ರೋಗಳನ್ನು ಓಡಿಸಿ ನೋಡಿ ಒಪ್ಪಿದ ಮೇಲೆ ಉಳಿದ ಮೂರು, ಒಂದಾದ ಮೇಲೊಂದು.

ಬಾಕಿ ಉಳಿದದ್ದು

ಹಳೆಯ ಲೆಕ್ಕ ತಂತ್ರಾಂಶವೊಂದರ ಎಕ್ಸೆಲ್ ಆಡ್-ಇನ್ 32 ಬಿಟ್‌ನಲ್ಲಿ ಮಾತ್ರ ಇದೆ. 64 ಬಿಟ್ ಎಕ್ಸೆಲ್ ಅದನ್ನು ಲೋಡ್ ಮಾಡುವುದಿಲ್ಲ, ಕೋಡ್ ನಮ್ಮ ಕೈಯಲ್ಲಿಲ್ಲ. ಅದನ್ನು ಬಳಸುವ ಕೆಲವರಿಗಾಗಿ 16 ಜಿಬಿ ಮೆಮೊರಿಯ ಸಣ್ಣ ಸರ್ವರ್ ಒಂದನ್ನು ಪ್ರತ್ಯೇಕ ಕಲೆಕ್ಷನ್ (ಸರ್ವರ್ ಗುಂಪು) ಮಾಡಿ, 32 ಬಿಟ್ ಆಫೀಸ್ ಹಾಕುತ್ತಿದ್ದೇವೆ. ಎಕ್ಸ್‌ಎಂಎಲ್‌ನಲ್ಲಿ ಬದಲಾಗುವುದು 64 ಎಂಬ ಸಂಖ್ಯೆ ಮತ್ತು ಮೂಲ ಫೋಲ್ಡರ್ ಮಾತ್ರ. ಎರಡೂ ಕಲೆಕ್ಷನ್‌ಗಳನ್ನು ಒಂದೇ ದಿನ ಬಳಸುವವರಿಗೆ ಒಂದೇ ಕಂಟೇನರ್ ಎರಡು ಕಡೆ ಜೋಡಣೆಯಾಗದಂತೆ ಆ ಸರ್ವರ್‌ಗೆ ಬೇರೆ ಕಂಟೇನರ್ ಜಾಗ ಕೊಟ್ಟಿದ್ದೇವೆ. ಅಲ್ಲಿ ಅವರಿಗೆ ಮತ್ತೊಂದು ಟೋಕನ್ ಬರುತ್ತದೆ. ಪಿಆರ್‌ಟಿ ಇರುವುದರಿಂದ ಪಾಸ್‌ವರ್ಡ್ ಕೇಳುವುದಿಲ್ಲ ಎಂಬುದನ್ನು ಪರೀಕ್ಷಿಸಿ ನೋಡಿಯಾಗಿದೆ. ಇನ್ನು ಒಡಿಬಿಸಿಯ 32 ಬಿಟ್ ಚಾಲಕ ಹಾಕಿ ಅವರ ಮೊದಲ ತಿಂಗಳ ಲೆಕ್ಕ ಹೊಂದಿಕೆಯಾಗುತ್ತದೆಯೇ ಎಂದು ನೋಡಬೇಕು. ಅದಾದ ಮೇಲೆ ಹಳೆಯ ಆಫೀಸ್ 2016 ಇರುವ ಕೊನೆಯ ಸರ್ವರನ್ನು ನಿಲ್ಲಿಸುತ್ತೇವೆ.